ಮಾಡದ ತಪ್ಪಿಗೆ ಕ್ಷಮೆ

ಚಿಕ್ವಾಂಗಾ ಹಳ್ಳಿಯ ಚರ್ಚಿಗೆ ಯಾರೇ ಅತಿಥಿ ಬರಲಿ, ಊಟಕ್ಕೆ ಮುಂಚೆ ಅವರ ಮುಂದೆ ಮಂಡಿಯೂರಿ ಕೈಗೆ ನೀರು ಹಾಕುವವಳು ಎನೆಲೆಸಿ. ಹತ್ತೊಂಬತ್ತು ವರ್ಷದಿಂದ ಆ ನೀರಿನ ಜಗ್ ಬೇರೆಯವರ ಕೈಗೆ ಹೋಗಿರಲಿಲ್ಲ. ಗಂಡ ತೀರಿಕೊಂಡವಳು, ಹೊಗೆಸೊಪ್ಪಿನ ತೋಟದಲ್ಲಿ ಕೂಲಿ ಮಾಡುವವಳು. ಹಾಡಲು ಕಂಠವಿಲ್ಲ, ಬೈಬಲ್ ಓದಲು ಅಕ್ಷರವಿಲ್ಲ. ಊರಿನಲ್ಲಿ ಅವಳದು ಅಂತ ಇದ್ದ ಮರ್ಯಾದೆ ಇದೊಂದೇ, ಅದನ್ನು ತುಸು ಜಂಬದಿಂದಲೇ ಕಾಪಾಡಿಕೊಂಡಿದ್ದಳು. "ನೀರು ಹಾಕೋದಲ್ಲ, ರಾಜ್ಯಭಾರ ಮಾಡ್ತಾಳೆ" ಎಂದು ಉಳಿದ ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ, ಅದು ಹೊಟ್ಟೆಕಿಚ್ಚಿನ ನಗು.

ಆ ವರ್ಷ ಸಮುದ್ರದಾಚೆಯಿಂದ ಪಾದ್ರಿ ಹ್ಯಾಸ್ಲಮ್ ಮತ್ತು ಅವರ ಹೆಂಡತಿ ಮೂರು ದಿನದ ಭೇಟಿಗೆ ಬಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಂದು ಪುಟ್ಟ ಪುಸ್ತಕ ಹಿಡಿದು ಅಲ್ಲಿನ ಜನರಾಡುವ ಚಿಚೇವಾ ಭಾಷೆಯ ನಾಲ್ಕು ಮಾತು ಉರು ಹೊಡೆದುಕೊಂಡೇ ಬಂದಿದ್ದರು. ಮೊದಲ ದಿನ ಕೋಳಿ ಸಾರು, ನ್ಸಿಮಾ ಮುದ್ದೆಯ ಊಟ ಮುಗಿದ ಮೇಲೆ ಬೆರಳು ನೋಡಿಕೊಂಡರೆ ಮದುವೆಯ ಉಂಗುರವಿಲ್ಲ. ಕೈ ತೊಳೆಯುವಾಗ ಸೋಪಿಗೆ ಜಾರಿತೋ, ದಾರಿಯಲ್ಲೇ ಬಿತ್ತೋ, ಯಾರಿಗೆ ಗೊತ್ತು? ಕೈ ತೊಳೆದ ನೀರನ್ನು ಎನೆಲೆಸಿ ಆಗಲೇ ಕುಂಬಳದ ಮಡಿಗೆ ಚೆಲ್ಲಿದ್ದಳು. ಊರಿಗೆ ಊರೇ ಬಗ್ಗಿ ಮಣ್ಣು ಕೆದಕಿತು. ಸಿಗಲಿಲ್ಲ. ಪಾದ್ರಿಗಳ ಸಪ್ಪೆ ಮುಖ ನೋಡಲಾರದೆ ಎನೆಲೆಸಿ ಹತ್ತಿರ ಹೋಗಿ, ಎದೆ ಮುಟ್ಟಿಕೊಂಡು, "ಪೆಪಾನಿ, ಪೆಪಾನಿ" ಎಂದಳು.

ಆ ಕಡೆ ಎಡವಿ ಬಿದ್ದವನನ್ನು ಕಂಡವರೂ ಪೆಪಾನಿ ಅನ್ನುತ್ತಾರೆ, ಕಾಲು ಅಡ್ಡ ಕೊಟ್ಟು ಬೀಳಿಸಿದವನೂ ಪೆಪಾನಿ ಅನ್ನುತ್ತಾನೆ. 'ಅಯ್ಯೋ ಪಾಪ' ಅನ್ನಲಿಕ್ಕೂ 'ತಪ್ಪಾಯ್ತು' ಅನ್ನಲಿಕ್ಕೂ ಅದೇ ಮಾತು. ಪುಟ್ಟ ಪುಸ್ತಕದಲ್ಲಿ ಮಾತ್ರ ಒಂದೇ ಅರ್ಥ ಅಚ್ಚಾಗಿತ್ತು: ತಪ್ಪಾಯ್ತು.

ಪಾದ್ರಿಗಳ ಕಣ್ಣು ತುಂಬಿ ಬಂತು. ಅವಳ ಎರಡೂ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ದುಃಖದಲ್ಲಿದ್ದಾರೆ, ಹೇಳಿಕೊಳ್ಳಲಿ ಎಂದು ಅವಳು ತಲೆಯಾಡಿಸುತ್ತ ನಿಂತಳು.

ಮರುದಿನ ಭಾನುವಾರ. ಬೋಧನೆಯ ನಡುವೆ ಪಾದ್ರಿಗಳು ಎನೆಲೆಸಿಯತ್ತ ಕೈ ತೋರಿಸಿ ಏನೋ ಅಂದರು. ಭಾಷಾಂತರ ಮಾಡುತ್ತಿದ್ದ ಚಿಮೊಂಬೊ ಮೇಷ್ಟ್ರು ತಡವರಿಸಿ, ನೆಲ ನೋಡುತ್ತ ಹೇಳಿದರು: "ಈ ತಾಯಿ ತಪ್ಪು ಒಪ್ಕೊಂಡಿದ್ದಾಳೆ. ನಾನು ಮನಸಾರೆ ಕ್ಷಮಿಸಿದೀನಿ. ಉಂಗುರ ಅವಳ ಹತ್ರಾನೇ ಇರ್ಲಿ, ಅಂತಿದ್ದಾರೆ."

"ಯಾರ ಸುದ್ದಿ ಹೇಳ್ತಿದ್ದಾರೆ?" ಎನೆಲೆಸಿ ಪಕ್ಕದವಳನ್ನು ಕೇಳಿದಳು.

"ನಿಂದೇ ಕಣೇ."

ಪ್ರಾರ್ಥನೆ ಮುಗಿದ ಮೇಲೆ ಸಭೆಯ ಹಿರಿಯ ಕಚಿಂಗ್ವೆ ಅವಳನ್ನು ಮಾವಿನ ಮರದಡಿ ಕರೆದರು. ಮೇಷ್ಟ್ರೂ ಇದ್ದರು.

"ನೀನು ತಗೊಂಡ್ಯಾ ಮಾಯಿ?"

"ಇಲ್ಲಪ್ಪ."

"ಮತ್ತೆ ಪೆಪಾನಿ ಅಂತ ಯಾಕಂದೆ?"

"ಕಳ್ಕೊಂಡೋರಿಗೆ ಇನ್ನೇನನ್ಬೇಕು? ನಿಮ್ಮ ಮೇಕೆ ಸತ್ತಾಗ್ಲೂ ಅಂದೆ. ಅದನ್ನೂ ನಾನೇ ಕೊಂದ್ನಾ?"

ಮೇಷ್ಟ್ರಿಗೆ ನಗು ಬಂತು, ಕಚಿಂಗ್ವೆಗೆ ಬರಲಿಲ್ಲ. "ಅದು ನಮಗೆ ಗೊತ್ತು. ಆದ್ರೆ ಅತಿಥಿ ಎಲ್ಲರೆದುರು ಕ್ಷಮಿಸಿಬಿಟ್ಟಿದ್ದಾರೆ. ಈಗ ನೀನು ಕದ್ದಿಲ್ಲ ಅಂದ್ರೆ ಅವರ ಮುಖ ಎಲ್ಲಿಟ್ಕೋಬೇಕು? ಉಪಕಾರ ಆಯ್ತು ಅಂದ್ಬಿಡು, ಮುಗೀತು."

"ಯಾತಕ್ಕೆ ಉಪಕಾರ?"

"ಕ್ಷಮಿಸಿದ್ದಕ್ಕೆ."

"ಏನು ಮಾಡಿದ್ದಕ್ಕೆ ಕ್ಷಮಿಸಿದ್ದು?"



ಮನೆಗೆ ಹೋದ ಎನೆಲೆಸಿ ಉಟ್ಟ ಬಟ್ಟೆಯ ಅಂಚು, ಗಂಟು ಎಲ್ಲ ಬಿಚ್ಚಿ ಕೊಡವಿದಳು. ಉಪ್ಪಿನ ಡಬ್ಬಿಯನ್ನೂ ಬರಿದು ಮಾಡಿ ನೋಡಿದಳು. ಅಷ್ಟು ದೊಡ್ಡ ಮನುಷ್ಯರು ದೇವರೆದುರು ಹೇಳಿದ್ದಾರೆ, ತನಗೇ ತಿಳಿಯದೆ ಎಲ್ಲಾದರೂ ಸೇರಿಕೊಂಡಿತೇ? ಕದಿಯದ ಉಂಗುರವನ್ನು ತನ್ನದೇ ಮನೆಯಲ್ಲಿ ಹುಡುಕುವ ಗತಿ ಯಾರಿಗೂ ಬರಬಾರದು.

ಮೂರನೆಯ ದಿನ ಅತಿಥಿಗಳು ಹೊರಡುವಾಗ ಅವಳು ಜೀಪಿಗೇ ಅಡ್ಡ ಹೋಗಿ ನಿಂತಳು. "ಮೇಷ್ಟ್ರೇ, ನಾನು ತಗೊಂಡಿಲ್ಲ ಅಂತ ಅವರ ಭಾಷೇಲಿ ಹೇಳಿ. ಒಂದಕ್ಷರ ಬದಲಾಯಿಸ್ಬೇಡಿ."

ಮೇಷ್ಟ್ರು ಕಚಿಂಗ್ವೆಯ ಮುಖ ನೋಡಿದರು. ಪಾದ್ರಿಗಳು ಚರ್ಚಿಗೆ ಹೊಸ ತಗಡು ಹೊದಿಸಿಕೊಡುವ ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಕಚಿಂಗ್ವೆ ಹಳೆಯ ಸೂರಿನ ಕಡೆ ನೋಡುತ್ತಿದ್ದರು. ಮೇಷ್ಟ್ರು ಚುಟುಕಾಗಿ ಏನೋ ಅಂದರು. ಪಾದ್ರಿಗಳ ಮುಖ ಅರಳಿತು. ಅವಳನ್ನು ತಬ್ಬಿಕೊಂಡರು, ಅವರ ಹೆಂಡತಿ ಕೆನ್ನೆಗೆ ಮುತ್ತಿಟ್ಟಳು, ಜನ ಚಪ್ಪಾಳೆ ತಟ್ಟಿದರು.

"ಏನಂದ್ರಿ?"

"ನೀನು ಹೇಳಿದ್ದೇ," ಅಂದರು ಮೇಷ್ಟ್ರು, ಅವಳ ಮುಖ ನೋಡದೆ. ಕದ್ದಿಲ್ಲ ಅಂದದ್ದಕ್ಕೆ ಮುತ್ತು ಯಾಕೆ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮುಂದಿನ ತಿಂಗಳು ಪಕ್ಕದೂರಿನ ಸಭೆಯವರು ಬಂದರು. ಎನೆಲೆಸಿ ಜಗ್ ತರಲು ಅಡುಗೆಯ ಗುಡಿಸಲಿಗೆ ಹೊರಟರೆ ಕಚಿಂಗ್ವೆ ತಡೆದರು. "ಇಷ್ಟು ವರ್ಷ ದುಡಿದಿದೀಯ ಮಾಯಿ. ಇವತ್ತು ಅತಿಥಿಗಳ ಜೊತೆ ಕೂತ್ಕೋ."

ಕೈಯಾರೆ ಚಾಪೆಯನ್ನೂ ಹಾಸಿಕೊಟ್ಟರು. ಕಚಿಂಗ್ವೆಯ ಸೊಸೆ ಜಗ್ ಹಿಡಿದು ಬಂದು ಸಾಲಿನ ಮೊದಲಲ್ಲಿ ಕೂತಿದ್ದ ಎನೆಲೆಸಿಯ ಮುಂದೆ ಮಂಡಿಯೂರಿದಳು. ಹುಟ್ಟಿದಾಗಿನಿಂದ ಅವಳ ಕೈಗೆ ಇನ್ನೊಬ್ಬರು ನೀರು ಹಾಕಿದ್ದು ಅದೇ ಮೊದಲು. ಮರ್ಯಾದೆ ಹೆಚ್ಚಿತೋ, ಇದ್ದದ್ದೂ ಹೋಯಿತೋ ಎಂದು ಯೋಚಿಸುತ್ತಲೇ ಕೈ ಒಡ್ಡಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಪರವೂರಿನ ಹೆಂಗಸು ತನ್ನ ಬೆರಳಿನ ಉಂಗುರ ತೆಗೆದು ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡಳು. ಸೋಪಿಗೆ ಜಾರೀತು ಅಂತ ತೆಗೆದಳೋ, ಪಕ್ಕದಲ್ಲಿ ಎನೆಲೆಸಿ ಕೂತಿದ್ದಾಳೆ ಅಂತ ತೆಗೆದಳೋ, ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ.