ಎರಡನೇ ಸಲದ ಮೇವು

ಆ ದಿನವೂ ಗಂಡ ಪಶುವೈದ್ಯ ಕಾಲೇಜಿನ ಲ್ಯಾಬಿನಿಂದ ಬಂದವನೇ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡ. ಹಸು, ಕುರಿ, ಕುದುರೆ, ಮೊಲ, ಇವುಗಳ ಹೊಟ್ಟೆಯ ರಸಕ್ಕೆ ಬಣ್ಣ ತಿರುಗುವ ಕಾಗದ ಅದ್ದಿ, ಯಾವುದರಲ್ಲಿ ಹುಳಿ ಎಷ್ಟು ಎಂದು ಡಾಕ್ಟರಿಗೆ ಬರೆದುಕೊಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಅವಳು ಓದಿದ್ದು ಮೂರನೆಯ ಕ್ಲಾಸು. ಆದರೂ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಳಿ ಕಮ್ಮಿ, ಮೇವು ಮೊದಲು ಅಲ್ಲೇ ದೋಸೆಹಿಟ್ಟಿನ ಹಾಗೆ ಹುದುಗು ಬರುತ್ತದೆ. ಮೊಲದ ಹೊಟ್ಟೆ ಬಲು ಹುಳಿ. ಅದರ ಮೇವು ಹುದುಗುವುದು ಹಿಂದಿನ ಕರುಳಿನಲ್ಲಿ.

ಮನೆಯಲ್ಲೂ ಒಂದು ಮೊಲವಿತ್ತು. ಮುದಿಯಾಯಿತೆಂದು ಲ್ಯಾಬಿನವರು ಬಿಟ್ಟದ್ದನ್ನು ಅಂಗಿಯೊಳಗಿಟ್ಟುಕೊಂಡು ತಂದಿದ್ದ.

"ನಿಮ್ಮ ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತೆ. ಥೂ. ಎಲ್ಲಾ ಗುಡಿಸಿ ಎಸೆದೆ," ಎಂದಳು.

"ಗುಡಿಸಬೇಡ ಕಣೇ. ಮೆತ್ತಗಿರೋದರಲ್ಲೇ ಸತ್ವ. ಹಿಂದಿನ ಕರುಳಲ್ಲಿ ಹುದುಗಿದ್ದು ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತೆ, ಅದಕ್ಕೇ ಎರಡನೇ ಸಲ ತಿನ್ನೋದು. ಹಸು ಮೆಲುಕು ಹಾಕಿದ್ರೆ ಏನೂ ಅನ್ನಲ್ಲ ನೀನು."

"ಮೊದಲೇ ಹೇಳಬೇಕಿತ್ತು. ನಾನೇನು ನಿಮ್ಮ ಡಾಕ್ಟರಾ?"

"ಆ ಕಾಗದ ನಿನ್ನ ನಾಲಿಗೆಗೆ ಇಡಬೇಕು. ಮೊಲಾನೂ ಸೋಲುತ್ತೆ."

ನಗುತ್ತಲೇ ಎದೆ ಉಜ್ಜಿಕೊಂಡ.

"ಏನಾಯ್ತ್ರೀ?"

"ಹುಳಿ. ಮಧ್ಯಾಹ್ನದಿಂದ ಉರೀತಿದೆ. ಎಡಗೈವರೆಗೂ ಹಿಡಿದುಕೊಂಡಿದೆ ಹಾಳಾದ್ದು."

"ಆಸ್ಪತ್ರೆಗೆ ಹೋಗೋಣ್ವಾ?"

"ಹುಳಿ ಯಾವುದು ಅಂತ ನನಗೆ ಗೊತ್ತಾಗಲ್ವಾ?"

ಅವಳಿಗೂ ಹೌದೆನಿಸಿತು. ಅಷ್ಟು ಪ್ರಾಣಿಗಳ ಹೊಟ್ಟೆ ಬಲ್ಲವನು. ಒಂದು ಲೋಟ ನೀರಿಗೆ ಸೋಡಾಪುಡಿ ಕದಡಿ ಕೊಟ್ಟಳು. ಕುಡಿದು ತೇಗಿದ. "ನೋಡು, ಇಳೀತು," ಎಂದ.

ಮರುದಿನ ಹತ್ತು ಗಂಟೆಗೆ ಲ್ಯಾಬಿನ ಡಾಕ್ಟರೇ ಬಂದು ಹೊಸ್ತಿಲಾಚೆ ನಿಂತರು. ಅವನು ಬಾಟಲಿ ತೊಳೆಯುತ್ತಿದ್ದ ಹಾಗೆಯೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿದ್ದ. ಹೃದಯ ನಿಂತಿತ್ತು.

"ನಿನ್ನೆ ಏನಾದ್ರೂ ಹೇಳಿದ್ರೇನಮ್ಮಾ?"

"ಹುಳಿ ಅಂದ್ರು."

ಕೈಯ ವಿಷಯ ಹೇಳಲಿಲ್ಲ. ಇಂದಿಗೂ ಯಾರಿಗೂ ಹೇಳಿಲ್ಲ. ಹೊಟ್ಟೆಯ ಹುಳಿ ಕೈಗೆ ಯಾಕೆ ಹೋಗುತ್ತದೆ ಎಂದು ಒಂದು ಮಾತು ಕೇಳಬಹುದಿತ್ತು. ಅದಕ್ಕೆ ಓದು ಬೇಕಿರಲಿಲ್ಲ. ಎಲ್ಲದಕ್ಕೂ ಎದುರು ಮಾತಾಡುವವಳು ಅದೊಂದಕ್ಕೆ ಸೋಡಾಪುಡಿ ಕದಡಿ ಕೊಟ್ಟಿದ್ದಳು.

ಈಗ ದಿನಾ ಬೆಳಿಗ್ಗೆ ಎದ್ದವಳೇ ಮೊಲದ ಗೂಡಿಗೆ ಹುಲ್ಲು ಹಾಕುತ್ತಾಳೆ. ಪೊರಕೆ ಮಡಿಲಲ್ಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಅದು ತಲೆ ಬಗ್ಗಿಸಿ ತನ್ನ ಮೆತ್ತನೆಯದನ್ನು ತಿಂದು ಮುಗಿಸಬೇಕು. ಆಮೇಲೆಯೇ ಗುಡಿಸುತ್ತಾಳೆ.