ಮಿಣುಕಿಯನ್ನು ಕರೆದವರು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವಳು ನಾನು. ಭೌತಶಾಸ್ತ್ರ ಓದಿದವಳು, ಶಹಾಪುರದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಿದ್ದವಳು. ಈಗಲೂ ಇದನ್ನು ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಅಷ್ಟೆ.

ದೂರದೇಶದ ದೂರದರ್ಶಕವೊಂದು ತೆಗೆದ ಆಕಾಶದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಿ ನೋಡುವ ಕೆಲಸಕ್ಕೆ ನಾನೂ ನನ್ನ ಸಹೋದ್ಯೋಗಿಗಳಾದ ಮಲ್ಲಪ್ಪ, ಶಾಂತಾ ಇಬ್ಬರೂ ಸೇರಿಕೊಂಡಿದ್ದೆವು. ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ; ಚುಕ್ಕೆಯೊಂದು ಜರುಗಿದರೆ ಅದು ಕ್ಷುದ್ರಗ್ರಹ ಇರಬಹುದು. ಒಂದು ಮಧ್ಯಾಹ್ನ ಮಲ್ಲಪ್ಪ ಅಂಥ ಚುಕ್ಕೆ ಹಿಡಿದ. ಮಂಗಳ, ಗುರುಗಳ ನಡುವೆ ಸುತ್ತುವ ಪುಟ್ಟ ಕಲ್ಲು. ಅದು ಹೊಸದೇ ಎಂದು ಕೆಲವು ತಿಂಗಳಲ್ಲಿ ಸುದ್ದಿ ಬಂತು. ಆದರೆ ಅದರ ಪಥ ಖಚಿತವಾಗಲು ವರ್ಷಗಳು ಬೇಕು. ಹೆಸರಿಡುವ ಹಕ್ಕು ಆಮೇಲೆ.

"ಅಲ್ಲೀತನಕ ಕೂಸಿಗಿ ಹೆಸರಿಲ್ಲದ ಇಡ್ತೀರೇನು?" ಎಂದು ಶಾಂತಾ ಕಂಪ್ಯೂಟರಿಗೆ ಕುಂಕುಮ ಹಚ್ಚಿಯೇಬಿಟ್ಟಳು. ಮಲ್ಲಪ್ಪ ಅಪ್ಪನಾದ, ನಾನು ಸೋದರತ್ತೆ. ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುವವಳು ಅತ್ತೆ. ಆಗ ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ನಾನು ಪರದೆಗೆ ಬಾಯಿ ಹಚ್ಚಿ, ಆ ಕ್ಷಣ ಹೊಳೆದದ್ದನ್ನು ಉಸುರಿದೆ: ಮಿಣುಕಿ. ಶಾಂತಾಳ ಗುದ್ದಿಗೆ ಉಸಿರು ಸಿಕ್ಕಿಕೊಂಡಿತು. ಅವರಿಬ್ಬರೂ ಎಷ್ಟು ಕೇಳಿದರೂ ನಾನು ಹೆಸರು ಬಾಯಿಬಿಡಲಿಲ್ಲ. ಹಕ್ಕು ಬರಲಿ, ಹೇಳುತ್ತೇನೆ ಎಂದೆ.

"ಅತ್ತಿ ಭಾಳ ಗಟ್ಟಿ ಅದಾಳ," ಎಂದ ಮಲ್ಲಪ್ಪ.

ಮರುವರ್ಷ, ಕಾಲುವೆಗೆ ನೀರು ಬಿಟ್ಟ ದಿನಗಳು. ದೇವಾಪುರದಲ್ಲಿದ್ದ ಶಾಂತಾಳ ಮನೆಯಲ್ಲಿ ಉಂಡು, ಹತ್ತಿರವಾದೀತೆಂದು ಕಾಲುವೆಯ ಏರಿಯ ಮೇಲೆ ಸ್ಕೂಟರಿನಲ್ಲಿ ಊರಿಗೆ ಹೊರಟೆ. ಹೊತ್ತು ಮುಳುಗಿತ್ತು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಆಗಷ್ಟೇ ನಾಟಿ ಮಾಡಿದ ಭತ್ತ. ಇದ್ದಕ್ಕಿದ್ದಂತೆ ಹಿಂದಿನಿಂದ ಹೆಂಗಸಿನ ದನಿ ಕೇಳಿತು, ಆಟಕ್ಕೆ ಓಡಿದ ಮಗಳನ್ನು ಗದರುವ ಹಾಗೆ.

"ಏ ಮಿಣುಕಿ, ಎಲ್ಲಿಗಿ ಹೊಂಟಿ? ಹೊಳ್ಳಿ ಬಾ."

ಬ್ರೇಕ್ ಹಾಕಿ ತಿರುಗಿದೆ. ಯಾರೂ ಇರಲಿಲ್ಲ, ಅಡಗಲು ಒಂದು ಗಿಡವೂ ಇರಲಿಲ್ಲ. ಮುಂದೆ ನೋಡಿದರೆ ದೀಪದ ಬೆಳಕಿನಲ್ಲಿ ದಾರಿಯೇ ಇಲ್ಲ. ಏರಿ ಕುಸಿದು ಕಾಲುವೆಗೆ ಇಳಿದಿತ್ತು. ನನಗೆ ಈಜು ಬರುವುದಿಲ್ಲ. ಮಣ್ಣಿನ ಹೆಂಟೆಗಳು ನೀರಿಗೆ ಬೀಳುವ ಸದ್ದು ಕೇಳುತ್ತ ಸ್ಕೂಟರನ್ನು ಹಿಂದಕ್ಕೆ ಎಳೆದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಎಷ್ಟೋ ಸಲ ಆ ಬ್ರೇಕು ತಡವಾಗಿ ಹತ್ತುತ್ತದೆ.

ಗೆಳೆಯರಿಗೆ ಇದನ್ನು ಹೇಳುವಾಗಲೇ ಹೆಸರನ್ನೂ ಹೇಳಬೇಕಾಯಿತು. "ಯಾರದರ ಎಮ್ಮಿ ಹೆಸರಿರಬೇಕು ಬಿಡ್ರಿ, ಅತ್ತಿಯವರ," ಎಂದು ಮಲ್ಲಪ್ಪ ನಕ್ಕ. ಆದರೂ ಆ ರವಿವಾರ ತಾನೇ ಹೋಗಿ ಸುತ್ತಲಿನ ಹೊಲಗಳಲ್ಲೆಲ್ಲ ವಿಚಾರಿಸಿ ಬಂದ. "ಗೌರಿ ಅದಾಳ, ಕೆಂಚಿ ಅದಾಳ. ಮಿಣುಕಿ ಅನ್ನೋ ಮನಷ್ಯಾರೂ ಇಲ್ಲ, ದನಾನೂ ಇಲ್ಲ," ಎಂದ. ಈ ಸಲ ನಗಲಿಲ್ಲ.

ಭ್ರಮೆ ಎನ್ನೋಣವೇ? ಮುಂದೆ ದಾರಿ ಇಲ್ಲವೆಂದು ಭ್ರಮೆಗೆ ಹೇಗೆ ಗೊತ್ತು?

ವರ್ಷಗಳ ಮೇಲೆ ಹೆಸರು ಕಳಿಸಲು ಕರೆ ಬಂದಾಗ ಮಿಣುಕಿ ಎಂದು ಬರೆಯಲು ನನಗೆ ಧೈರ್ಯವಾಗಲಿಲ್ಲ, ಬೇರೆ ಯೋಚಿಸೋಣ ಎಂದೆ.

"ನಿನ್ನ ಜೀವಾ ಉಳಿಸಿದ ಹೆಸರು. ಬ್ಯಾರೆ ಇಟ್ಟಿ ಅಂದ್ರ ಮತ್ತ ಗುದ್ತೀನಿ ನೋಡು," ಎಂದಳು ಶಾಂತಾ.

ಅದೇ ಹೆಸರು ಹೋಯಿತು, ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದೇ ಅಚ್ಚಾಯಿತು. ಈಗ ಜಗತ್ತಿನಲ್ಲಿ ಯಾರು ಬೇಕಾದರೂ ಆ ಹೆಸರು ಹಿಡಿದು ಕರೆಯಬಹುದು. ಆದರೆ ಆ ಸಂಜೆ ಅದು ನನಗೂ ಆ ಚುಕ್ಕೆಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.