ಮೂರು ಬಡಿತ, ತಡೆದು ಒಂದು

ಒಂದು ಹಳೆಯ ಕ್ಯಾಸೆಟ್ಟಿನಲ್ಲಿ ಲೋಹದ ಬಡಿತ ಇತ್ತೋ ಇರಲಿಲ್ಲವೋ ಎಂದು ನಾನು ಒಬ್ಬ ಹೆಂಗಸಿಗೆ ಹೇಳಬೇಕಾಗಿ ಬಂತು. ಇತ್ತು ಎಂದರೆ, ಅವರ ತಾಯಿ ಸಾಯುವ ಮುನ್ನ ಕರೆದಿದ್ದರು, ಯಾರೂ ಹೋಗಲಿಲ್ಲ ಎಂದಾಗುತ್ತದೆ. ಇರಲಿಲ್ಲ ಎಂದರೆ, ಮೂವತ್ತು ವರ್ಷ ಅವರು ನಂಬಿಕೊಂಡು ಬಂದಂತೆ ಮುದುಕಿ ನಿದ್ದೆಯಲ್ಲೇ ಹೋದರು. ಆ ಟೇಪನ್ನು ಪೂರ್ತಿ ಕೇಳಿದವನು ನಾನೊಬ್ಬನೇ ಉಳಿದಿದ್ದೆ.

ರಾಯದುರ್ಗದಲ್ಲಿ ನಮ್ಮದು ಮೂವರ ತಂಡ. ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತೇನೆ, ಉಳಿದ ಹೊತ್ತು ಕೀಬೋರ್ಡ್ ಬಾರಿಸುತ್ತೇನೆ. ರಿದಮ್ ಪ್ಯಾಡ್ ಬಾರಿಸುವ ಗೆಳೆಯ ಜೀನ್ಸ್ ಹೊಲಿಯುವ ಯೂನಿಟ್ ನಡೆಸುತ್ತಾನೆ. ಇಪ್ಪತ್ತು ಮಿಷನ್ನು ಒಟ್ಟಿಗೆ ಓಡುವಾಗ ಯಾವುದು ತಾಳ ತಪ್ಪಿತೆಂದು ಕೂತಲ್ಲೇ ಹೇಳಬಲ್ಲ. ಮೂರನೆಯವನದು ಮೈಕ್ ಸೆಟ್ ಅಂಗಡಿ. ಮಿಕ್ಸರ್ ಅವನದು, ಮಾತು ಕಡಿಮೆ. ನಾವು ಬಾರಿಸುವುದು ಒಬ್ಬರೇ ಒಬ್ಬರ ಸಂಗೀತ. ಮಡಕಶಿರಾ ಕಡೆಯ ಒಬ್ಬ ಕೀಬೋರ್ಡ್ ಮೇಷ್ಟ್ರು, ಆರ್ಕೆಸ್ಟ್ರಾಗಳಲ್ಲಿ ಬೇರೆಯವರ ಹಾಡಿಗೆ ಬಾರಿಸಿ ಬದುಕಿದವರು, ಮನೆಯಲ್ಲಿ ಕೂತು ಹಾಡಿಲ್ಲದ, ಮಾತಿಲ್ಲದ ಎಲೆಕ್ಟ್ರಾನಿಕ್ ಸಂಗೀತವನ್ನು ಕ್ಯಾಸೆಟ್ಟಿಗೆ ತುಂಬಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಸಾಮಾನುಗಳು ಕೈ ಬದಲಾಗುತ್ತ, ಒಂದು ಕ್ಯಾಸೆಟ್ಟು ಮೈಕ್ ಸೆಟ್ ಅಂಗಡಿಗೆ ಬಂದು ಬಿತ್ತು.

ನಮ್ಮ ನಿಯಮವನ್ನು ಮಾಡಿದವನು ನಾನೇ. ಟೇಪಿನಲ್ಲಿ ಇದ್ದದ್ದೆಲ್ಲ ಬಾರಿಸಬೇಕು, ಇಲ್ಲದ್ದು ಒಂದು ಚೂರೂ ಸೇರಬಾರದು. ಒಂದು ಕಡೆ ಸ್ವರಗಳೆಲ್ಲ ಒಮ್ಮೆಲೇ ಏರಿ ಮತ್ತೆ ಇಳಿಯುತ್ತವೆ. ರೆಕಾರ್ಡ್ ಮಾಡುವಾಗ ವೋಲ್ಟೇಜ್ ಬಿದ್ದು ಟೇಪು ನಿಧಾನವಾಗಿರಬೇಕು. ಸರಿಯಾದ ವೇಗದಲ್ಲಿ ಹಾಕಿದಾಗ ಅದು ಏರಿದಂತೆ ಕೇಳುತ್ತದೆ. ಅದನ್ನೂ ಹಾಗೆಯೇ ಬಾರಿಸುತ್ತೇವೆ. ಒಂದು ಆರತಕ್ಷತೆಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ವೇದಿಕೆ ಹತ್ತಿರ ಬಂದು, “ಏನ್ರಿ, ಮಿಷನ್ ಕೆಟ್ಟೈತೇನ್ರಿ?” ಎಂದರು.

“ಇಲ್ರಿ, ಇದು ಇರಾದ ಹಿಂಗ” ಎಂದ ಪ್ಯಾಡಿನ ಗೆಳೆಯ.

“ಹಂಗಾರ ಜಲ್ದಿ ಮುಗಸ್ರಿ. ಮದುಮಗಳು ಅಳಾಕ ಹತ್ಯಾಳ.”

ಆ ಕ್ಯಾಸೆಟ್ಟನ್ನು ಎರಡು ವರ್ಷದ ಹಿಂದೆ ಒಂದು ಭಾನುವಾರ ಕಂಪ್ಯೂಟರಿಗೆ ಇಳಿಸಿದೆ. ಉದ್ದಕ್ಕೂ ಸಣ್ಣ ಮಳೆಯಂಥ ಸರಸರ ಸದ್ದಿತ್ತು. ಹಳೆಯ ಟೇಪಿನ ದೋಷ ಎಂದುಕೊಂಡೆ. ಸದ್ದು ತೆಗೆಯುವ ತಂತ್ರಾಂಶ ಹಾಕಿ ಒರೆಸಿ, ಒರೆಸಿದ್ದನ್ನು ಮಾತ್ರ ಉಳಿಸಿಕೊಂಡೆ. ಸಂಗೀತವಲ್ಲದ್ದನ್ನೆಲ್ಲ ಅದು ಅಳಿಸಿಹಾಕುತ್ತದೆ. ಅದಕ್ಕೂ ಮುಂಚೆ ಕೇಳುತ್ತ ಕೇಳುತ್ತ ಸ್ವರ, ತಾಳ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಮಾರನೆಯ ದಿನ ಡೆಕ್ಕು ಟೇಪನ್ನು ನುಂಗಿತು. ಬಿಡಿಸಿ ನೋಡಿದರೆ ಕಂದು ಸಿಕ್ಕು, ಅಲ್ಲಲ್ಲಿ ತುಂಡು. ಪುಸ್ತಕದಲ್ಲಿ ಕೊನೆಯ ತುಣುಕಿನ ನಡುವೆ ಆರು ಕಡೆ ಗುರುತು ಇದೆ: ಮೂರು ಬಡಿತ, ಬಿಡುವು, ಒಂದು ಬಡಿತ. ಪಕ್ಕದಲ್ಲಿ ‘ಲೋಹ’ ಎಂದು ನನ್ನದೇ ಅಕ್ಷರ. ಗೆಳೆಯ ಅದಕ್ಕೆ ಪ್ಯಾಡಿನಲ್ಲಿ ಹಿತ್ತಾಳೆ ಪಾತ್ರೆಯಂಥ ಸದ್ದು ಹುಡುಕಿಟ್ಟುಕೊಂಡ.

ಈ ವರ್ಷ ಮೇಷ್ಟ್ರ ತಂಗಿ ಯಾರಿಂದಲೋ ನಂಬರು ಪಡೆದು ಫೋನು ಮಾಡಿದರು. ಅಣ್ಣ ಕೂತು ಬಾರಿಸುತ್ತಿದ್ದ ಜಾಗದಲ್ಲೇ ಒಮ್ಮೆ ಬಾರಿಸಿಹೋಗಿ ಎಂದರು. ಪಾವಗಡದ ಮೇಲೆ ಟೆಂಪೊ ಮಾಡಿಕೊಂಡು ಹೋದೆವು. ಮಡಕಶಿರಾ ದಾಟಿ ಅಮರಾಪುರದ ದಾರಿಯಲ್ಲಿ ಮನೆ. ಹಿಂದೆಯೇ ಅಂಟಿಕೊಂಡಂತೆ ರೇಷ್ಮೆ ಹುಳದ ಮನೆ. ಅರವತ್ತು ದಾಟಿದ ಹೆಂಗಸು ಬಾಗಿಲಲ್ಲೇ ನಿಂತಿದ್ದರು.

“ಬನ್ರಪ್ಪ, ಒಳೀಕೆ ಬನ್ನಿ. ಮೂರ್ ಜನಾನಾ? ನಮ್ಮಣ್ಣ ಒಬ್ನೇ ಬಾರುಸ್ತಿದ್ನಲ್ರಪ್ಪ! ಅವ್ನೊಬ್ಬನ ಕೆಲ್ಸಕ್ಕೆ ನೀವ್ ಮೂರ್ ಜನ ಬೇಕಾ?”

ಒಂದು ಬೆಳೆ ಮುಗಿದು ಹುಳದ ಮನೆ ಖಾಲಿಯಿತ್ತು. ಬ್ಲೀಚಿಂಗ್ ಪುಡಿಯ ವಾಸನೆ, ಕಿಟಕಿಗೆ ಗೋಣಿತಾಟು, ಬೆಳಗಿನ ಹತ್ತು ಗಂಟೆಗೇ ಮಬ್ಬು. ಅಲ್ಲಿಂದ ನಡುಮನೆಗೆ ಒಂದು ಬಾಗಿಲು. ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮೇಲೆ ಕೀಬೋರ್ಡ್ ಇಟ್ಟೆವು. ಅವರು ಆ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಮೊದಲ ತುಣುಕು ಮುಗಿದ ಮೇಲೆ, “ಎಲ್ಲಾ ಅವ್ನಂಗೇ ಐತೆ. ಹುಳದ ಸದ್ದೇ ಇಲ್ವಲ್ಲ?” ಎಂದರು.

“ಯಾವ ಹುಳ ಅಮ್ಮ?”

“ಇನ್ಯಾವ್ದು, ರೇಷ್ಮೆ ಹುಳ. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಹುಳ ಸೊಪ್ಪು ತಿಂದ್ರೆ ಮಳೆ ಹುಯ್ದಂಗೆ ಕೇಳ್ತದೆ. ಅವ್ನ ಕ್ಯಾಸೆಟ್ನಾಗೆಲ್ಲಾ ಅದು ಇರೋದು.”

ನಾನು ದೋಷವೆಂದು ಒರೆಸಿ ಎಸೆದದ್ದು ಈ ಕೋಣೆಯನ್ನೇ. ಅದನ್ನು ಹೇಳುವ ಧೈರ್ಯವಾಗದೆ ಕೊನೆಯ ತುಣುಕು ಶುರುಮಾಡಿದೆ.

ಮೊದಲ ಬಡಿತಗಳು ಬಂದಾಗ ಅವರು ಒಳಬಾಗಿಲ ಕಡೆ ಮುಖ ತಿರುಗಿಸಿದರು. ಎರಡನೆಯ ಸಲ ಎದ್ದು ಒಳಗೆ ಹೋದರು. ನೀರು ಬಗ್ಗಿಸುವ ಸದ್ದು ಕೇಳಿಸಿತು. ಮೂರನೆಯ ಸಲಕ್ಕೆ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ನಮಗೆ ಬಾಯಾರಿಕೆಯೆಂದು ತಂದಿದ್ದಾರೆಂದು ನಾನು ಕೈ ನೀಡಿದೆ. ಅವರು ಕೊಡಲಿಲ್ಲ. ಯಾರಿಗೆ ತಂದದ್ದೆಂದು ಅವರಿಗೂ ತಿಳಿಯದಂತಿತ್ತು. ಗೆಳೆಯನ ಕೈ ತಾನಾಗಿ ನಿಂತಿತು.

“ನಮ್ಮವ್ವಂಗೆ ಲಕ್ವಾ ಹೊಡ್ದು ಮಾತು ನಿಂತೋಗಿತ್ತು,” ಎಂದರು. “ಏನಾರ ಬೇಕಂದ್ರೆ ಚೊಂಬು ತಗಂಡು ಈ ನಡುಮನೆ ಮಂಚದ ಕಂಬಿಗೆ ಬಡೀತಿದ್ಲು. ಮೂರು ಬಡ್ದು, ತಡ್ದು, ಇನ್ನೊಂದು. ಅವತ್ತು ನಾನು ಸೊಪ್ಪಿಗೋಗಿದ್ದೆ. ಅಣ್ಣ ಜೋರಾಗಿ ಸೌಂಡಿಟ್ಕಂಡು ಇಲ್ಲೇ ಬಾರುಸ್ತಾ ಕುಂತಿದ್ದ. ಟೇಪ್ ರೆಕಾರ್ಡ್ರು ಮಾತ್ರ ಈ ಬಾಗ್ಲತ್ರ ಇಕ್ಕೋನು. ನಾನ್ ಬರೋ ಹೊತ್ಗೆ ಅವ್ವ ಇಲ್ಲ. ‘ಕರೀಲಿಲ್ಲ ಕಣೇ, ನಿದ್ದೇಲೇ ಹೋದ್ಲು’ ಅಂದ. ಆ ಕ್ಯಾಸೆಟ್ ಒಂದು ನಂಗೆ ಕೇಳುಸ್ಲಿಲ್ಲ. ಆಮೇಲೆ ಇನ್ನೊಂದು ಮಾಡ್ಲೂ ಇಲ್ಲ.”

ಚೊಂಬನ್ನು ನೆಲಕ್ಕಿಟ್ಟರು.

“ಈಗ ಹೇಳಪ್ಪ. ಇದು ಅದ್ರಾಗೆ ಇತ್ತಾ, ನೀವು ಹಾಕ್ಕಂಡಿದ್ದಾ?”

“ನೋಡಿ ಹೇಳ್ತೀನಮ್ಮ” ಎಂದೆ. ಪುಸ್ತಕದ ಗುರುತು ಬಿಟ್ಟರೆ ನೋಡಲು ಏನೂ ಉಳಿದಿರಲಿಲ್ಲ.

ಹಿಂದಿರುಗುವಾಗ ಟೆಂಪೊದಲ್ಲಿ ಗೆಳೆಯನೇ ಮಾತು ತೆಗೆದ. “ಲೇ, ಅದು ಟೇಪಿನ್ಯಾಗ ಇರ್ಲಿಲ್ಲಲೇ. ನೀನ ಟೇಬಲ್ ಮ್ಯಾಲೆ ಬೆರಳಿಲೆ ಬಡದು ತೋರ್ಸಿದಿ. ‘ಇಲ್ಲಿ ಖಾಲಿ ಬಿದ್ದೈತಿ, ಹಿಂಗ ತುಂಬು’ ಅಂದಿ.”

“ನಾ ಯಾಕ ಹಂಗ ಅಂತೀನಿ? ನಮ್ಮ ನಿಯಮ ಏನು?”

“ನಿಯಮ ಮಾಡಿದಾವನೂ ನೀನ, ಮುರದಾವನೂ ನೀನ. ಭಾಳ ಓದಿದೋರ ಹಣೇಬರಹ ಅದು.”

ಮಿಕ್ಸರಿನವನು ಕಿಟಕಿಯಾಚೆ ನೋಡುತ್ತ, “ನನ್ನ ಕೇಳಬ್ಯಾಡ್ರಪ್ಪ, ನಂಗ ನಿನ್ನೆ ಉಂಡಿದ್ದ ನೆನಪಿಲ್ಲ” ಎಂದ.

ನನ್ನ ನೆನಪು ಬೇರೆ. ಕಿವಿಗೆ ಹೆಡ್‌ಫೋನ್ ಇತ್ತು. ದೂರದಲ್ಲಿ ಯಾರೋ ಬಾಗಿಲು ಬಡಿದಂತಾಯಿತು. ಹೆಡ್‌ಫೋನ್ ತೆಗೆದು ಹೋಗಿ ಬಾಗಿಲು ತೆರೆದೆ. ಬಿಸಿಲು, ಎದುರುಮನೆಯವರ ಒಣಹಾಕಿದ ಮೆಣಸಿನಕಾಯಿ, ಯಾರೂ ಇರಲಿಲ್ಲ. ವಾಪಸು ಬಂದು ಅದೇ ಜಾಗ ಮತ್ತೆ ಹಾಕಿದಾಗ ಬಡಿತ ಟೇಪಿನ ಒಳಗಿತ್ತು. ಆ ಮೆಣಸಿನಕಾಯಿಯ ಕೆಂಪು ಕೂಡ ನೆನಪಿದೆ. ಆದರೆ ಇಷ್ಟು ಸ್ಪಷ್ಟವಾಗಿರುವ ನೆನಪನ್ನು ನಾನು ನಂಬುವುದಿಲ್ಲ. ಪುಸ್ತಕದ ಗುರುತೂ ಟೇಪು ಕೇಳುತ್ತ ಹಾಕಿದ್ದೋ, ಆಮೇಲೆ ಗೆಳೆಯನಿಗೆ ತೋರಿಸಲೆಂದು ಸೇರಿಸಿದ್ದೋ ಹೇಳುವಂತಿರಲಿಲ್ಲ.

ಒರೆಸಿದ ಪ್ರತಿಯನ್ನು ದನಿ ಏರಿಸಿ ಕೇಳಿದೆ. ಏನಿಲ್ಲ. ಆರನೆಯ ಸಲ ಕೇಳುವಾಗ ಕೇಳಿಸಿತು. ನನ್ನ ಕಿವಿಯನ್ನೇ ಪರೀಕ್ಷಿಸೋಣವೆಂದು ಕೀಬೋರ್ಡಿನಿಂದ ಬರಿಯ ಸರಸರ ಸದ್ದು ಹುಟ್ಟಿಸಿ, ಅದರಲ್ಲಿ ಬಡಿತ ಎಲ್ಲೆಲ್ಲಿದೆ ಗುರುತು ಹಾಕೆಂದು ಗೆಳೆಯನಿಗೆ ಕೊಟ್ಟೆ. ಅವನು ಎರಡು ಕಡೆ ಹಾಕಿದ. ಹುಟ್ಟಿಸಿದವನು ನಾನು, ನಾಲ್ಕು ಕಡೆ ಹಾಕಿದೆ. ಕಾದು ಕೂತ ಕಿವಿಗೆ ಬೇಕಾದದ್ದು ಕೇಳುತ್ತದೆ, ಇದರಲ್ಲಿ ಭೂತವಿಲ್ಲ. ಅಷ್ಟು ತಿಳಿದವನು ಆ ವಾರ ಮೂರು ಸಲ, ಹಾಡುಹಗಲಲ್ಲಿ, ಎದ್ದು ಹೋಗಿ ಬಾಗಿಲು ತೆರೆದೆ.

ಕೊನೆಗೆ ಒಬ್ಬನೇ ಬಸ್ಸು ಹತ್ತಿ ಹೋದೆ. ಗೆಳೆಯ ಹೇಳಿದ್ದು ಸರಿಯಾದರೆ ನಾನು ಹೇಳಲಿರುವುದು ನಿಜ, ನನ್ನ ನೆನಪು ಸರಿಯಾದರೆ ಸುಳ್ಳು. ಎರಡರಲ್ಲೂ ಆ ಹೆಂಗಸು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

“ನಾನೇ ಹಾಕಿದ್ದಮ್ಮ. ಅಲ್ಲಿ ಖಾಲಿ ಅನ್ನಿಸ್ತು.”

ಅವರು ನನ್ನ ಮುಖವನ್ನೇ ನೋಡಿದರು. “ಮೂರು, ತಡ್ದು, ಒಂದು. ನಿಂಗೆಂಗಪ್ಪ ಹೊಳೀತು?”

“ತಾಳದ ಲೆಕ್ಕ ಅಮ್ಮ. ತಾನಾಗೇ ಬರುತ್ತೆ.”

“ಸರಿ ಬಿಡು. ಏಳು, ಉಣ್ಣೇಳು.”

ಆಮೇಲೆ ನಾವು ಆ ಬಡಿತಗಳನ್ನು ಬಾರಿಸುವುದು ನಿಲ್ಲಿಸಿದೆವು. ಆದರೆ ಅವರು ಫೋನು ಮಾಡುವುದು ನಿಲ್ಲಲಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ, ಮಧ್ಯಾಹ್ನ. “ನೀನೇ ಅಲ್ವೇನಪ್ಪ ಹಾಕಿದ್ದು?” “ಹೌದಮ್ಮ.” ಪ್ರತಿ ಸಲ ಒಂದು ಪ್ರಶ್ನೆ ಹೆಚ್ಚು. ಎಲ್ಲಿ ಕುಂತಿದ್ದೆ? ಜೊತೆಗೆ ಯಾರಿದ್ರು? ಮರದ ಟೇಬಲ್ಲಾ, ಕಬ್ಬಿಣದ್ದಾ? ಮೊದಮೊದಲು ಯೋಚಿಸಿ ಹೇಳುತ್ತಿದ್ದೆ. ಕಳೆದ ತಿಂಗಳು, “ಯಾವ ಬೆರಳಾಗೆ ಬಡ್ದೆ?” ಎಂದರು.

“ನಡುಬೆರಳು. ಉಂಗುರ ಟೇಬಲ್ಲಿನ ಅಂಚಿಗೆ ತಾಗ್ತಿತ್ತು, ಅದಕ್ಕೇ ಲೋಹದ ಸದ್ದು.”

ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು, ಮತ್ತು ನನಗೆ ಅದು ಕಾಣಿಸುತ್ತಿತ್ತು: ಬೆರಳು, ಉಂಗುರ, ಟೇಬಲ್ಲಿನ ಅಂಚು, ಎದುರಿಗೆ ತಲೆಯಾಡಿಸುತ್ತಿರುವ ಗೆಳೆಯ. ಬಿಸಿಲು, ಮೆಣಸಿನಕಾಯಿಗಳೆಲ್ಲ ಯಾರೋ ನನಗೆ ಹೇಳಿದ ಸಂಗತಿಯಂತೆ ದೂರ ಸರಿದಿದ್ದವು.

ಫೋನಿಟ್ಟಾಗ ಪಕ್ಕದಲ್ಲಿದ್ದ ಹೆಂಡತಿ, “ಯಾವ ಉಂಗುರ್ರಿ? ಅದನ್ನ ನಮ್ಮಪ್ಪ ನಿಮಗ ಕೊಟ್ಟಿದ್ದು ಹೋದ ವರ್ಷ ಅಲ್ಲೇನು?” ಎಂದಳು. ಹೌದು, ಹೋದ ವರ್ಷ. ಟೇಪು ಕೇಳಿದ ಎಷ್ಟೋ ತಿಂಗಳ ನಂತರ.

ಮತ್ತೆ ಫೋನು ಬಂತು. ಉಂಗುರ ಸಮೇತ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಆ ಕಡೆ ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಹಂಗೇ ಹೇಳ್ತಾ ಇರಪ್ಪ,” ಎಂದರು. “ನಂಗೂ ಈಗೀಗ ನಂಬ್ಕೆ ಬತ್ತಾ ಐತೆ.”